ಕಿರುಬೆರಳ ಸಹಿ

ಒಂದೇ ವಿಶ್ವವಿದ್ಯಾಲಯ, ಊರು ಮೂರು.
ಒಂದು ನಮ್ಮ ಕರಾವಳಿಯಲ್ಲೇ, ನ್ಯೂ ಬೆಡ್‌ಫರ್ಡಿನಿಂದ ಬಸ್ಸಿಗೆ ಐದು ತಾಸು.
ಇನ್ನೊಂದು ಕೊಲ್ಲಿಯ ಮರಳಿನಂಚಿಗೆ.
ಮತ್ತೊಂದು, ನಾವು ಮಲಗುವ ಹೊತ್ತಿಗೆ
ಮಧ್ಯಾಹ್ನದ ಊಟಕ್ಕೆ ಕೂರುವ ಚೀನಾದಲ್ಲಿ.
ಮೊದಲು ಯಾವುದು, ಆಮೇಲೆ ಯಾವುದು ಎಂದು
ಚೌಕದೊಳಗೆ ಅಂಕಿ ತುಂಬಬೇಕು.
ಅಮ್ಮ ಕೇಳಿದಳು:
ಹಾಗಾದರೆ ಅದರ ಬಾಗಿಲು ಇರೋದು ಯಾವ ಊರಲ್ಲಿ?

ಬೇಗ ಹಾಕಿದರೆ ಬೇಗ ತಿಳಿಯುತ್ತೆ,
ಡಿಸೆಂಬರ್ ನಡುವಿಗೆ, ಎಂದರು ಮಿಸೆಸ್ ಪೆಲ್ಟಿಯರ್
ಕನ್ನಡಕ ತಲೆಗೇರಿಸಿ.
ಆದರೆ ಜೆನಾಯ್ದಾ, ಇದು ಕಟ್ಟು.
ಕರೆದರೆ ಹೋಗಲೇಬೇಕು,
ಉಳಿದ ಅರ್ಜಿಗಳನ್ನೆಲ್ಲ ಹಿಂದಕ್ಕೆ ತಗೋಬೇಕು.
ನಿನ್ನದೊಂದು, ನನ್ನದೊಂದು, ಮನೆಯವರದೊಂದು ಸಹಿ.

ಕಟ್ಟು ನಮ್ಮ ಮನೆಗೆ ಹೊಸತೇನಲ್ಲ.
ಬಾಡಿಗೆ ಕಟ್ಟು, ಕರೆಂಟಿನ ಬಿಲ್ಲು ಕಟ್ಟು,
ಅಪ್ಪನಿಗೆ ಹನ್ನೊಂದು ದಿನದ ಬುತ್ತಿ ಕಟ್ಟು,
ತಮ್ಮನ ಬೂಟಿನ ದಾರ ಕಟ್ಟು.
ಅಜ್ಜಿ ಬ್ರಾವಾ ದ್ವೀಪದಿಂದ ಬರುವಾಗ
ಕರವಸ್ತ್ರದ ಮೂಲೆಗೆ ಕಟ್ಟಿಕೊಂಡು ತಂದದ್ದು
ಒಂದು ಪೆಟ್ಟಿಗೆಯ ಬೀಗದ ಕೈ.
ಪೆಟ್ಟಿಗೆ ಅಲ್ಲೇ ಉಳಿಯಿತು.

ಅಮ್ಮ ಒಬ್ಬಳೇ ಸಹಿ ಹಾಕಿದರೂ ಸಾಕಿತ್ತು.
ಹಾಕಲಿಲ್ಲ.
ಅವನು ಒಮ್ಮೆ ನನ್ನ ಕೇಳದೆ ಕಾರಿನ ಸಾಲಕ್ಕೆ ಹಾಕಿ ಬಂದಾಗ
ಮೂರು ವಾರ ಬೈದಿದ್ದೀನಿ, ಮರೆತೆಯಾ?
ಅವನು ಬರಲಿ.

'ನಮ್ಮನ್ನೇ ಏಕೆ ಆರಿಸಿಕೊಂಡೆ?' ಎಂಬ ಪ್ರಶ್ನೆಗೆ
ಇನ್ನೂರೈವತ್ತು ಪದ ಬರೆದೆ,
ಜಗತ್ತು ಎಂಬ ಮಾತು ನಾಲ್ಕು ಸಲ.
ನಿಜವನ್ನು ಬರೆಯಲಿಲ್ಲ:
ನಿಮ್ಮ ಗ್ರಂಥಾಲಯದ ಚಿತ್ರದಲ್ಲಿ ಮೀನಿನ ವಾಸನೆ ಇರಲಿಲ್ಲ.
ಚಿತ್ರಕ್ಕೆ ವಾಸನೆ ಇರೋಲ್ಲ, ಗೊತ್ತು.
ಆದರೂ.

ನವೆಂಬರ್ ಒಂದು. ಹನ್ನೊಂದು ಐವತ್ತೊಂಬತ್ತರವರೆಗೆ ಗಡುವು.
ಸಂಜೆಗೆ ಬರಬೇಕಿದ್ದ ಬೋಟು ಗಾಳಿಗೆ ಸಿಕ್ಕಿ
ಕಟ್ಟೆಗೆ ತಾಗಿದಾಗ ಹತ್ತೂಮುಕ್ಕಾಲು.
ನಿನ್ನೆಯ ಅಸ್ಥಿಪಂಜರದ ವೇಷ ಇನ್ನೂ ಕಳಚದ ತಮ್ಮ ನೆಲ್ಟನ್
ಹಗ್ಗದ ಸುರುಳಿಯ ಮೇಲೆ ಕೂತು ಆಕಳಿಸುತ್ತಿದ್ದ.
ಅಪ್ಪ ಇಳಿದು ಬಂದದ್ದೇ ಫೋನು ಮುಂದೆ ಹಿಡಿದೆ.
ಹಾಯ್ ಕೂಡ ಅನ್ನಲಿಲ್ಲ.

ಹೆಬ್ಬೆರಳು ಎಳೆದ. ಏನೂ ಮೂಡಲಿಲ್ಲ.
ತೋರುಬೆರಳು. ಇಲ್ಲ.
ಹನ್ನೊಂದು ದಿನ ಚಿಪ್ಪು ಬಿಡಿಸಿದ ಕೈ,
ಉಪ್ಪು, ಬಿರುಕು, ಬಿರುಕಿಗೆ ಸುತ್ತಿದ ಟೇಪು.
ಗಾಜಿನ ಲೆಕ್ಕದಲ್ಲಿ ಅದು ಚರ್ಮವೇ ಅಲ್ಲ.
ಪ್ಯಾಂಟಿಗೆ ಒರೆಸಿದ, ಬಾಯಿಂದ ಊದಿದ, ಮತ್ತೆ ಎಳೆದ.
ನಾನು ಮನುಷ್ಯ ಅಂತಲೇ ಒಪ್ಪುತ್ತಿಲ್ಲವಲ್ಲೇ ಇದು!
ಪಕ್ಕದ ಬೋಟಿನವರೂ ನಕ್ಕರು.
ನನಗೆ ನಗು ಬರಲಿಲ್ಲ. ಹನ್ನೊಂದೂಕಾಲು.

ಆಗ ನಿಧಾನಕ್ಕೆ ಕೇಳಿದ,
ಇಡೀ ರಾತ್ರಿ ಬಿಡುವಿದೆ ಎಂಬಂತೆ:
ಈ ಮೂರರಲ್ಲಿ ಕಡಲಿರೋದು ಯಾವುದಕ್ಕೆ?
ಮೂರಕ್ಕೂ.
ಅವರು ಹೂಂ ಅಂದರೆ ನಾವು ಉಹೂಂ ಅನ್ನೋ ಹಾಗಿಲ್ಲ?
ಇಲ್ಲ.
ಅವರು?
ಅವರು ಅನ್ನಬಹುದು.
ನಮ್ಮ ಬೋಟಿನ ಮಾಲೀಕನ ಕರಾರೂ ಇದೇ, ಎಂದು
ಟೇಪು ಸುತ್ತದೆ ಉಳಿದಿದ್ದ ಕಿರುಬೆರಳನ್ನು
ಗಾಜಿನ ಮೇಲಿಟ್ಟ.

ಮೂಡಿತು.
ಒಂದನೇ ಕ್ಲಾಸಿನ ಹುಡುಗ ಬರೆದ ಹಾಗೆ
ಆರ್ಲಿಂದು ಎಂಬಲ್ಲಿ ಮೊದಲಕ್ಷರ ಮಾತ್ರ ಓದಬಹುದು,
ಮಿಕ್ಕದ್ದು ಅಲೆ.

ಹನ್ನೊಂದು ನಲವತ್ತಮೂರು. ಅರ್ಜಿ ತಲುಪಿದೆ.
ಕಾರಿನಲ್ಲಿ ಅಪ್ಪ ಡಬ್ಬಿಯ ತಣ್ಣಗಾದ ಕಾಚುಪಾ
ಚಮಚವಿಲ್ಲದೆ ತಿಂದ.
ಅಮ್ಮ ಹೆಡ್‌ಲೈಟು ಹಾಕಲು ಮರೆತು ಎರಡು ಬೀದಿ ದಾಟಿದಳು.
ಯಾವ ಊರಿಗೆ ಒಂದು ಅಂತ ಹಾಕಿದೆ ಎಂದು
ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆನೋ ಏನೋ,
ಫೋನಿನ ಮೇಲಿನ ಉಪ್ಪಿನ ಗೀರನ್ನು
ತೋಳಿನಿಂದ ಒರೆಸುತ್ತಾ ಕೂತಿದ್ದೆ.