ಲಾಭ

ಹಾವೇರಿ ಬಸ್ ನಿಲ್ದಾಣದ ಕಂಟ್ರೋಲರ್ ಖೋಲಿಯಲ್ಲಿ
ಮೈಕಿನ ಗುಂಡಿ ಒತ್ತುವ ಮುನ್ನ
ಮುಖ ಅತ್ತ ತಿರುಗಿಸಿ ಒಂದು ಮಾತು ಅಂದುಕೊಳ್ಳುತ್ತೇನೆ,
ಇಪ್ಪತ್ತೆಂಟು ವರ್ಷದಿಂದ.
ದೇವರ ಹೆಸರೆಂದು ತಿಳಿದಿದ್ದಾರೆ ಜೊತೆಯವರು.
ದೇವರದಲ್ಲ. ಚುರಮುರಿಯದು.

ನನ್ನ ಹೆಸರು ಉಳವಪ್ಪ.
ಹತ್ತು ವರ್ಷದವನಿದ್ದಾಗ ಇಷ್ಟು ಹೇಳಲು
ಬರುತ್ತಿರಲಿಲ್ಲ ನನಗೆ.
ಉ... ಉ... ಎಂದು
ಚಳಿಗಾಲದ ಮೊದಲ ಟ್ರಿಪ್ಪಿನ ಬಸ್ಸಿನ ಹಾಗೆ
ಮೈಯೆಲ್ಲ ನಡುಗಿ ನಿಂತುಬಿಡುತ್ತಿದ್ದೆ.
ಹಾಜರಿ ಕೂಗುವಾಗ 'ಎಸ್ ಸರ್' ತುಟಿಗೆ ಬರುವಷ್ಟರಲ್ಲಿ
ಮಾಸ್ತರರ ಪೆನ್ನು ಮುಂದಿನ ಹೆಸರಿಗೆ ದಾಟಿರುತ್ತಿತ್ತು.
ಆ ವರ್ಷದ ಪಟ್ಟಿ ಎಲ್ಲಾದರೂ ಉಳಿದಿದ್ದರೆ ನೋಡಿ,
ಎರಡನೆಯ ಬೆಂಚಿನ ತುದಿಗೆ ಕೂತೇ ಇದ್ದವನು
ಅರ್ಧ ವರ್ಷ ಗೈರು.

ಅವ್ವ ಬಜೆ ತೇಯ್ದು ನೆಕ್ಕಿಸಿದಳು.
ಅಪ್ಪ ಬೈದು ನೋಡಿದ,
ಆಮೇಲೆ ಬೈಯದೆ ನೋಡಿದ. ಅದೇ ಹೆಚ್ಚು ನೋಯಿತು.

ಸಂತೆಯ ದಿನ ಶಾಲೆ ತಪ್ಪಿಸಿ ಅಡ್ಡಾಡುತ್ತಿದ್ದವನನ್ನು
ಚುರಮುರಿ ಬೀಬಿಜಾನ್ ಬೆರಳು ಮಾಡಿ ಕರೆದಳು.
ಸೀರೆಗೆ ಭಟ್ಟಿಯ ಹೊಗೆ, ಹುರಿದ ಉಸುಕಿನ ವಾಸನೆ.
ಆಳೆತ್ತರದ ಚೀಲಗಳ ನಡುವೆ
ತಾನೂ ಒಂದು ಚೀಲವಾಗಿ ಕೂತಿದ್ದಳು.
"ನಾ ಅಳೀತೇನಿ. ನೀ ಎಣಸು."

ಸೆರಗೊಡ್ಡಿ ನಿಂತ ಗಿರಾಕಿ. ತುಂಬಿದ ಸೇರು.
ಒ... ಒ... ಒ...
ಗಿರಾಕಿ ನಕ್ಕಳು. ನನ್ನ ಕಿವಿ ಸುಟ್ಟವು.
ಬೀಬಿಜಾನ್ ಸೇರನ್ನು ಬೊಗ್ಗಿಸಲಿಲ್ಲ,
ಹಾಗೇ ಎತ್ತಿ ಹಿಡಿದು ಕಾದಳು. ಕೈ ಸೋತಿರಬೇಕು.
"ಎಲಾ ಇವನ, ಸಂತ್ಯಾಗ ಯಾರರ ಒಂದು ಅಂತಾರೇನು?
ಲಾಭ ಅನ್ನೋ. ಒಂದಕ್ಕ ಲಾಭ."

ಲಾಭ.

ಬಂತು. ಇಡಿಯಾಗಿ.
ಕಟ್ಟಿದ ಕರು ಗೂಟ ಕಿತ್ತುಕೊಂಡು ಓಡಿದ ಹಾಗೆ.
ಅದರ ಬಾಲ ಹಿಡಿದು ಎರಡು ಬಂತು,
ಮೂರು, ನಾಲ್ಕು ಯಾರೂ ಕರೆಯದೆ ಬಂದವು.
ಸಂಜೆ ಚೀಲ ಬರಿದಾಗುವ ಹೊತ್ತಿಗೆ ನನ್ನ ಗಂಟಲು ಬಿದ್ದಿತ್ತು.
ಗಂಟಲು ಬೀಳುವಷ್ಟು ಮಾತಾಡಿದ್ದು
ಹುಟ್ಟಿ ಅದೇ ಮೊದಲು.

ಕಳೆದ ತಿಂಗಳು ಹುಡುಕಿಕೊಂಡು ಹೋದೆ,
ಬಗಲಲ್ಲಿ ಒಂದು ಇಳಕಲ್ ಸೀರೆ.
ಭಟ್ಟಿ ಈಗ ಮೊಮ್ಮಗನದು.
ಮುದುಕಿ ಗೋಡೆಗೆ ಆನಿಸಿ ಕೂತಿದ್ದಳು, ಕಣ್ಣು ಮಂಜು.
ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತು
'ಉಪಕಾರ' ಎಂದು ಶುರುವಾಗುತ್ತಿತ್ತು.
ಉ... ಉ...
"ಇನ್ನೂ ಹಂಗ ಅದೀ?" ಎಂದು ನಕ್ಕಳು,
ಹಲ್ಲಿಲ್ಲದ ಬಾಯಿ ತುಂಬ.

ಆಮೇಲೆ ಅಂದಳು:
"ನನಗ ಇಪ್ಪತ್ತರ ಮುಂದ ಲೆಕ್ಕ ಬರತಿದ್ದಿಲ್ಲೋ ತಮ್ಮಾ.
ಮೂವತ್ತು ಸೇರು ಒಯ್ದು
ಇಪ್ಪತ್ತೈದರ ರೊಕ್ಕ ಕೊಡತಿದ್ರು ಮಂದಿ.
ಶಾಲಿ ಹುಡುಗ ಒಬ್ಬ ಬೇಕಾಗಿದ್ದ. ನೀ ಸಿಕ್ಕಿ."

ನಾನದನ್ನು ಕರುಣೆ ಎಂದುಕೊಂಡೇ
ತಲೆಗೂದಲು ಬೆಳ್ಳಗಾಗಿಸಿಕೊಂಡಿದ್ದೆ.
ಸ್ವಲ್ಪ ಹೊತ್ತು ಮುಖ ಸಣ್ಣದಾಯಿತು, ಸುಳ್ಳೇಕೆ?
ಹೊರಡುವಾಗ ಅವಳೇ ತಡಕಾಡಿ ಎದ್ದು
ಒಂದು ಸೇರು ಅಳೆದು ಕೊಟ್ಟಳು,
ಮೇಲೆ ಎರಡು ಬೊಗಸೆ ಕೊಸರು.
ಪೊಟ್ಟಣ ಎದೆಗೆ ಹಿಡಿದು ನಡೆಯುತ್ತ
ರೈಲು ಗೇಟಿನ ಹತ್ತಿರ ಹೊಳೆಯಿತು:
ಯಾರಿಗೂ ಬೇಡಾಗಿದ್ದ ಬಾಯಿ
ಅವಳಿಗೆ ಬೇಕಾಗಿತ್ತು.

'ಅಕ್ಕಿಆಲೂರು ಮಾರ್ಗವಾಗಿ ಹಾನಗಲ್ಲಿಗೆ ಹೋಗುವ ಬಸ್ಸು',
ಈ ವಾಕ್ಯ ಇಂದಿಗೂ ನನಗೆ ಘಾಟು.
ನಿನ್ನೆ ಗುಂಡಿ ಮೊದಲೇ ಒತ್ತಿದ್ದೆನೋ ಏನೋ,
ಇಡೀ ನಿಲ್ದಾಣಕ್ಕೆ ಕೇಳಿತು: ಲಾಭ!
ಕಾಲೇಜು ಹುಡುಗರು ಹೋ ಎಂದರು.
ಕಂಡಕ್ಟರು ಕತ್ತೆತ್ತಿ ಸ್ಪೀಕರು ನೋಡಿದ.
ಮೂರನೆಯ ಪ್ಲಾಟ್‌ಫಾರ್ಮಿನ ಕಂಬದ ಬುಡದಲ್ಲಿ
ಶೇಂಗಾ ಪುಟ್ಟಿಯ ಮುಂದೆ ಕೂತ ಹೆಂಗಸೊಬ್ಬಳು
ತಲೆ ಎತ್ತದೆ,
ಚಟಾಕು ತುಂಬುತ್ತಲೇ ಅಂದಳು,
"ಎರಡು."