ಕಿವಿಕಲ್ಲು

ಕಡಲ ಪರಿಸರ ಓದುತ್ತಿದ್ದೇನೆ ಅಂದರೆ
ಕೋಲಾರದಲ್ಲಿ ಮೊದಲು ನಗುತ್ತಾರೆ,
ಆಮೇಲೆ ಕೇಳುತ್ತಾರೆ: ಈಜು ಬರುತ್ತಾ?
ಬರಲ್ಲ.
ಕಲಿಯುವ ವಯಸ್ಸಿನಲ್ಲಿ ನಾವು ಕೆರೆಯೊಳಗೆ
ಕ್ರಿಕೆಟ್ ಆಡುತ್ತಿದ್ದೆವು.

ರಜೆಗೆ ಹೊರಟಾಗ ಮಂಗಳೂರಿನ ಲ್ಯಾಬಿನಲ್ಲಿ
ಸಾಲಿಯಾನ್ ಮೇಡಂ ನೂರು ಸೀಸೆ ಎಣಿಸಿ ಕೊಟ್ಟರು.
ಸೀಸೆಗೊಂದು ಬಂಗುಡೆ, ಬಂಗುಡೆಗೆ ಎರಡು ಕಿವಿಕಲ್ಲು;
ಅಕ್ಕಿ ನುಚ್ಚಿನಷ್ಟು.
ಮೀನಿಗೆ ಮೇಲು ಕೆಳಗು ತಿಳಿಯುವುದು ಅದರಿಂದ.

ಕ್ಲಾಕ್ ಟವರ್ ಹಿಂದಿನ ಸಾಲಿನಲ್ಲಿ
ಖಮರುನ್ನೀಸಾಳ ಕಟ್ಟೆ.
ಮದರಾಸಿನ ಐಸ್ ಲಾರಿ ನಸುಕಿಗೆ ಬಂದು
ಟೊಮೇಟೊ ಕ್ರೇಟುಗಳಲ್ಲಿ ಸಮುದ್ರ ಇಳಿಸಿ ಹೋಗುತ್ತದೆ.
ಬಂಗುಡೆ ಅಂದರೆ ಆಕೆಗೆ ತಿಳಿಯಲಿಲ್ಲ; ಇಲ್ಲಿ ಅದು ಕಾನಗಂತ.
ಗಿರಾಕಿಗಳಿಗೆ ತಲೆ ಬೇಡ.
ನನಗೆ ಕೊಡಿ ಅಂದೆ.
ಕತ್ತಿ ನಿಲ್ಲಿಸಿ, ಎದುರು ಕೂತ ಏಳು ಬೆಕ್ಕು ತೋರಿಸಿ
"ನಂಗೆ ದುಡ್ಡು ಬ್ಯಾಡ, ಅವ್ರನ್ನ ಕೇಳ್ಕೋ" ಅಂದಳು.

ಚಿಮಟ ಕೊಟ್ಟದ್ದು ವಾಚ್ ರಿಪೇರಿಯ ಪಿಳ್ಳಪ್ಪ.
ವಾಪಸು ಕೊಡಲು ಹೋದಾಗ ಮೂಸಿ ನೋಡಿ
"ನಿನ್ ಹತ್ರಾನೇ ಇರ್ಲಮ್ಮ" ಅಂದರು.

ಅಮ್ಮ ಅಡುಗೆಮನೆ ಬಿಟ್ಟುಕೊಡಲಿಲ್ಲ.
ತಾರಸಿಯಲ್ಲಿ, ನೀರಿನ ಟ್ಯಾಂಕಿನ ನೆರಳಿಗೆ ಕೂತು
ಬುರುಡೆ ಸೀಳಿ, ಕಲ್ಲು ತೆಗೆದು, ತೊಳೆದು
ಮರಳು ಕಾಗದಕ್ಕೆ ಉಜ್ಜಿ ಉಜ್ಜಿ
ಉಗುರು ಸವೆದವು.
ಜೂನಿಯರ್ ಕಾಲೇಜಿನ ಹಳೇ ಮೈಕ್ರೋಸ್ಕೋಪಿನಲ್ಲಿ
ಕೊನೆಗೊಂದು ಸಂಜೆ ಗೆರೆಗಳು ಕಂಡವು.
ದಿನಕ್ಕೊಂದು.
ಉಂಡ ದಿನ ಅಗಲ, ಹಸಿದ ದಿನ ಕಿರಿದು.
ಎಣಿಸಿದೆ. ತಪ್ಪಿತು. ಮತ್ತೆ ಎಣಿಸಿದೆ.

ಓಡಿಹೋಗಿ ಹೇಳಿದೆ:
ಮೊನ್ನೆ ನೀವು ಕೊಯ್ದದ್ದು ಇನ್ನೂರ ಹದಿಮೂರು ದಿನ ಬದುಕಿತ್ತು!
ತಕ್ಕಡಿಯಿಂದ ಕಣ್ಣೆತ್ತದೆ ಕೇಳಿದಳು:
"ಐಸಿನ ದಿನ ಸೇರಿಸಿದ್ಯಾ?"

ಇಲ್ಲ.
ಸತ್ತ ಮೇಲಿನದನ್ನು ಕಲ್ಲು ಬರೆದುಕೊಳ್ಳುವುದಿಲ್ಲ,
ಮೂರು ರಾಜ್ಯದ ಟೋಲ್‌ಗೇಟು, ಕರಗಿ ಸೋರಿದ ನೀರು,
ಇಪ್ಪತ್ತೆಂಟು ವರ್ಷ ಮೀನು ಮಾರಿಯೂ
ಒಮ್ಮೆಯೂ ಕಡಲು ನೋಡದ ಇವಳ ಹೆಬ್ಬೆರಳು.
ಕಿವಿರು ಎತ್ತಿ, ಒಳಗಿನ ಬಣ್ಣ ನೋಡಿ
"ನಿನ್ನೇದು", "ಮೊನ್ನೇದು" ಅನ್ನುತ್ತಾಳಲ್ಲ,
ಆ ಲೆಕ್ಕ ನನ್ನ ಪಠ್ಯದಲ್ಲಿ ಇಲ್ಲ.

ಈಗ ಅರವತ್ತನೆಯ ಸೀಸೆಗೆ ಚೀಟಿ ಅಂಟಿಸುತ್ತಿದ್ದೇನೆ.
ತಾರೀಖು ಬರೆದಾಯಿತು.
ಉದ್ದ: ತಲೆ ಮಾತ್ರ.
'ಹಿಡಿದ ಸ್ಥಳ' ಎಂಬಲ್ಲಿ ಪೆನ್ನು ನಿಂತಿದೆ.
ಕಟ್ಟೆಯಿಂದ ಹಿಂಬಾಲಿಸಿ ಬಂದ ಕರಿಬೆಕ್ಕು
ಟ್ಯಾಂಕಿನ ಮೇಲೆ ಕೂತು
ತನ್ನ ಪಾಲು ಕಾಯುತ್ತಿದೆ.