ಎರಡು ಹಿಡಿಯ ಗರಗಸ

ಹಿಯುಮಾ ದ್ವೀಪದಲ್ಲಿ, ಅಕ್ಟೋಬರಿನ ಮೊದಲ ಶನಿವಾರ,
ಎಂಡೆಲ್ ಬೇಲಿ ದಾಟಿ ಬರುತ್ತಾನೆ, ಟೋಪಿ ತೆಗೆಯುವುದಿಲ್ಲ.
ಹೆಲ್ಯು ಬಾಗಿಲು ತೆರೆಯುತ್ತಾಳೆ, ಬಾ ಅನ್ನುವುದಿಲ್ಲ.
ಮಾತು ಬಿಟ್ಟು ಹನ್ನೊಂದು ವರ್ಷ.

ಆಕೆಯ ಗಂಡ ಎರವಲು ಒಯ್ದ ದೋಣಿ
ಮರಳಿ ಬಂತು, ದೋಣಿಯೊಂದೇ.
ಕೊಡಬಾರದಿತ್ತು, ಅಂದಳಂತೆ.
ಕೇಳಬಾರದಿತ್ತು, ಅಂದನಂತೆ.
ಅಲ್ಲಿಗೆ ಮುಗಿಯಿತು.

ಚಳಿಗೆ ಇದೆಲ್ಲ ತಿಳಿಯದು. ಎರಡು ಒಲೆಗೂ ಸೌದೆ ಬೇಕು.
ಗರಗಸ ಅವಳ ಕೊಟ್ಟಿಗೆಯ ಮೊಳೆಯಲ್ಲಿ,
ಅದರ ಒಂದು ಹಿಡಿ ವರ್ಷವಿಡೀ ಅವನ ಕೋಟಿನ ಜೇಬಿನಲ್ಲಿ.
ಹಾಗಾಗಿ ಬರುತ್ತಾನೆ. ಹಾಗಾಗಿ ತೆರೆಯುತ್ತಾಳೆ.

ಅಂಚೆ ಕೊಡಲು ಹೋಗಿ ಎಷ್ಟೋ ಸಲ ನಿಂತು ನೋಡಿದ್ದೇನೆ.
ಇವರ ನಡುವೆ ಇರುವುದೇನು, ದ್ವೇಷವೋ, ಮತ್ತೊಂದೋ
ಎಂದು ತಲೆ ಕೆಡಿಸಿಕೊಂಡಿದ್ದೇನೆ.
ನಡುವೆ ಇದ್ದದ್ದು ಒಂದು ಬರ್ಚ್ ದಿಮ್ಮಿ.
ಇಬ್ಬರೂ ಅದನ್ನೇ ನೋಡುತ್ತಿದ್ದರು.

ಈ ಸಲ ಅವನ ಸೊಂಟ ಹಿಡಿದಿತ್ತು.
ಮಾತಿಲ್ಲದೆ ಜೇಬಿನ ಹಿಡಿ ನನಗೆ ಕೊಟ್ಟು
ಬೊಡ್ಡೆಯ ಮೇಲೆ ಕೂತ.
ಎಳೆದೆ. ಬಂತು.
ಅವಳಿಗೆ ನೆರವಾಗಲೆಂದು ನೂಕಿದೆ.
ಅಲಗು ಬಾಗಿ ಕಿರುಚಿತು, ಗಾಯಗೊಂಡ ಬಾತಿನಂತೆ.

'ನೂಕಬೇಡ' ಅಂದ ಎಂಡೆಲ್.
'ನಿನ್ನದು ಎಳೆಯುವುದಷ್ಟೇ. ಆಮೇಲೆ ಬಿಡು.
ಹಿಡಿಯನ್ನಲ್ಲ, ಮಗಳೇ, ಬಲವನ್ನು.'

ಬಿಡುವುದೆಂದರೆ ತೊರೆಯುವುದು
ಎಂದೇ ತಿಳಿದಿದ್ದೆ ಇಲ್ಲಿಯವರೆಗೆ.
ಕೈ ಬಿಡದೆಯೂ ಬಿಡಬಹುದು;
ಅವಳ ಕಡೆ ಹೋಗುವಷ್ಟು ಹೊತ್ತು
ಅದು ಅವಳದು, ನಾನು ಬರಿಯ ತೂಕ.
ಎಳೆತ ತಿರುಗುವಲ್ಲಿ ಒಂದು ಚಣ
ಗರಗಸ ಯಾರದ್ದೂ ಅಲ್ಲ.
ಆ ಚಣದಲ್ಲೇ ಇರಬೇಕು, ಮರ ಒಪ್ಪುವುದು.
ಇರಬೇಕು. ನಾನು ಅಂಚೆಯವಳು, ಬಡಗಿಯಲ್ಲ.

ಏಳನೆಯ ತುಂಡಿಗೆ ಹೆಲ್ಯು ನಿಲ್ಲಿಸಿದಳು.
ಹೊಟ್ಟು ಕೊಡವಿಕೊಂಡು, ದಿಮ್ಮಿಯನ್ನೇ ನೋಡುತ್ತ,
'ಅವನಿಗೆ ಹೇಳು,
ಹಲ್ಲು ಮೊಂಡಾಗಿದೆ.'

ಅವನು ಕೂತಿದ್ದು ನಾಲ್ಕು ಹೆಜ್ಜೆ ದೂರ.
ನನ್ನ ಇಪ್ಪತ್ತು ವರ್ಷದ ಕೆಲಸದಲ್ಲಿ
ಇಷ್ಟು ಹತ್ತಿರದ ವಿಳಾಸಕ್ಕೆ ಹೋದವಳಲ್ಲ.
ಹೋದೆ. ಹೇಳಿದೆ.

ಟೋಪಿ ತೆಗೆದು ಒಳಗೇನೋ ಹುಡುಕುವವನಂತೆ ನೋಡಿ
ಮತ್ತೆ ಹಾಕಿಕೊಂಡ.
'ಅವಳಿಗೆ ಹೇಳು,
ನಾಳೆ ಅರ ತರುತ್ತೇನೆ.'

ನಾಳೆ ಭಾನುವಾರ.
ನಾನು ತಿರುಗುವ ಮೊದಲೇ
ಅವಳು ತಲೆಯಾಡಿಸಿದ್ದಳು.